ಫೈನು ಎಂಬ ಮಾತಿನ ಪೂರ್ವೋತ್ತರ

(ಬಾನುಲಿ ಭಾಷಣ)

ಇಂಗ್ಲಿಷ್ ಕಲಿಯದವರ ಬಾಯಲ್ಲೂ ನಿರಾಯಾಸವಾಗಿ ಓಡಾಡುವ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಹೊರಟರೆ 'ಫೈನು' ಎಂಬುದಕ್ಕೆ ಮೇಲಿನ ಸಾಲಿನಲ್ಲೇ ಸ್ಥಾನ ಕೊಡಬೇಕಾಗುತ್ತದೆ. ಪುಸ್ತಕವನ್ನು ತಡವಾಗಿ ಹಿಂದಿರುಗಿಸಿದರೆ ಗ್ರಂಥಾಲಯದವರು ಫೈನು ಹಾಕುತ್ತಾರೆ. ಟಿಕೆಟ್ಟಿಲ್ಲದೆ ಬಸ್ಸು ಹತ್ತಿದವನಿಗೆ ತಪಾಸಣೆಯವರು ಫೈನು ಹಾಕುತ್ತಾರೆ. ಫೀಸು ಕಟ್ಟುವ ಕಡೆಯ ದಿನ ಮೀರಿದರೆ ಕಾಲೇಜಿನ ಗುಮಾಸ್ತರೂ ಆ ಪದವನ್ನೇ ಉಚ್ಚರಿಸುತ್ತಾರೆ. ಆದರೆ ಅದೇ ಕಾಲೇಜಿನ ಮೇಷ್ಟರು ಪ್ರಬಂಧದ ಅಂಚಿನಲ್ಲಿ ಕೆಂಪು ಮಸಿಯಿಂದ ಅದೇ ಪದವನ್ನು ಬರೆದರೆ ಹುಡುಗ ಹಿಗ್ಗಿ ಹೀರೇಕಾಯಿಯಾಗುತ್ತಾನೆ. ಕಾಗುಣಿತವೂ ಒಂದೇ, ಉಚ್ಚಾರಣೆಯೂ ಒಂದೇ; ಒಂದೆಡೆ ಶಿಕ್ಷೆ, ಇನ್ನೊಂದೆಡೆ ಮೆಚ್ಚುಗೆ. ಇವೆರಡೂ ಬೇರೆ ಬೇರೆ ಪದಗಳಿರಬೇಕು, ಕಾಕತಾಳೀಯವಾಗಿ ಒಂದೇ ರೂಪ ತಾಳಿರಬೇಕು ಎಂದೇ ಯಾರಿಗಾದರೂ ಅನ್ನಿಸುತ್ತದೆ.

ಹಾಗಿಲ್ಲ. ಎರಡೂ ಒಂದೇ ತಾಯಿಯ ಮಕ್ಕಳು. ಲ್ಯಾಟಿನ್ನಿನ 'ಫೀನಿಸ್' ಎಂಬ ಮಾತು ಆ ತಾಯಿ. ಅದರ ಅರ್ಥ ಕೊನೆ, ಎಲ್ಲೆ, ಮುಕ್ತಾಯ. ಕೊನೆಯವರೆಗೂ ತಿದ್ದಿ ತೀಡಿ ಪೂರೈಸಿದ ಕೆಲಸ ಸೊಗಸಾದದ್ದು. ಆದ್ದರಿಂದ ಮೆಚ್ಚುಗೆಯ ಫೈನ್. ಜಗಳವನ್ನು ಕೊನೆಗಾಣಿಸಲೆಂದು ಕೊಡುವ ಹಣ ಮುಕ್ತಾಯದ ಹಣ. ಆದ್ದರಿಂದ ಶಿಕ್ಷೆಯ ಫೈನ್. ಪಂದ್ಯದ ಫೈನಲ್ಲು ಇವರ ಒಡಹುಟ್ಟು. ಎಣ್ಣೆ ಡಬ್ಬಿಯ ಮೇಲಿನ ರಿಫೈನ್ಡ್ ಎಂಬ ಮಾತೂ ಅದೇ ಕುಲದ್ದು. ಇನ್ನು ನಮ್ಮ ಪೇಟೆ ಬೀದಿಗಳಲ್ಲಿ ಹೆಜ್ಜೆಗೊಂದು ಫಲಕ ಹಾಕಿಕೊಂಡಿರುವ ಫೈನಾನ್ಸ್ ಎಂಬುದು ಹಳೆಯ ಫ್ರೆಂಚಿನಲ್ಲಿ ಸಾಲ ತೀರಿಸುವಿಕೆ, ಬಿಡುಗಡೆಯ ಹಣ ಎಂಬ ಅರ್ಥದಲ್ಲಿ ಹುಟ್ಟಿತು. ಈಗ ಅದು ಸಾಲ ತೀರಿಸುವುದಕ್ಕಿಂತ ಸಾಲ ಹತ್ತಿಸುವುದಕ್ಕೆ ಹೆಚ್ಚು ಹೆಸರಾಗಿದೆ. ಇರಲಿ.

ಈ ಪದದ ವಿಚಾರವನ್ನು ಎತ್ತಿಕೊಳ್ಳಲು ಕಾರಣ ಅದರ ಮೂಲಾರ್ಥವೇ. ತಪ್ಪು ಮಾಡಿದವನಿಂದ ಹಣ ಕೀಳುವುದಕ್ಕೆ ಎಲ್ಲ ಭಾಷೆಗಳಲ್ಲೂ ಪದವಿದೆ. ಆದರೆ ಒಂದೊಂದು ಭಾಷೆ ಒಂದೊಂದು ಕಡೆಯಿಂದ ಆ ಕ್ರಿಯೆಯನ್ನು ನೋಡಿದೆ. ನಮ್ಮ 'ದಂಡ' ಎಂದರೆ ಮೊದಲಿಗೆ ಕೋಲು. ಕೋಲು ಹಿಡಿದವನು ಅರಸ, ಆದ್ದರಿಂದ ಅರಸನ ಅಧಿಕಾರವೂ ದಂಡ. ಅವನ ಸೈನ್ಯ ದಂಡು. ಸೈನ್ಯ ಬೀಡುಬಿಟ್ಟ ಜಾಗವೂ ದಂಡೇ ಆಗಿ ಬೆಂಗಳೂರಿನ ಕಂಟೋನ್ಮೆಂಟಿಗೆ ಆ ಹೆಸರು ಅಂಟಿತು. ಕೊನೆಗೆ ಆ ಕೋಲಿನ ಏಟಿನ ಬದಲಿಗೆ ತೆರುವ ಹಣವೂ ದಂಡವೇ. ಮನುವಿನ ಗ್ರಂಥದಲ್ಲಿ ಮಾತಿನ ದಂಡ, ಧಿಕ್ಕಾರದ ದಂಡ, ಧನದ ದಂಡ, ದೇಹದ ದಂಡ ಎಂದು ನಾಲ್ಕು ಮೆಟ್ಟಿಲುಗಳಿವೆ. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡ ಬೀಳುವ ತಪ್ಪಿಗೆ ರಾಜನಿಗೆ ಸಾವಿರ ಬೀಳಬೇಕೆಂದು ಅದೇ ಗ್ರಂಥ ಹೇಳುತ್ತದೆ. ಕೇಳಲು ಹಿತವಾದ ಮಾತು. ಆದರೆ ಬೈಗುಳದ ಪ್ರಕರಣಕ್ಕೆ ಬಂದಾಗ ಕ್ಷತ್ರಿಯ ಬ್ರಾಹ್ಮಣನನ್ನು ಬೈದರೆ ನೂರು ಪಣ, ಬ್ರಾಹ್ಮಣ ಶೂದ್ರನನ್ನು ಬೈದರೆ ಹನ್ನೆರಡೇ ಪಣ, ಶೂದ್ರ ಬ್ರಾಹ್ಮಣನನ್ನು ಬೈದರೆ ಹಣದಲ್ಲಿ ಮುಗಿಯುವುದಿಲ್ಲ, ಮೈಮೇಲೆಯೇ ಶಿಕ್ಷೆ ಎಂದು ಅದು ವಿಧಿಸುತ್ತದೆ. ಕೋಲು ಎಲ್ಲರ ಬೆನ್ನಿಗೂ ಒಂದೇ ತೂಕದ್ದಾಗಿರಲಿಲ್ಲ.

ಕಚೇರಿಯ ಕಡತಗಳಿಂದ ಬಂದ ಇನ್ನೊಂದು ಮಾತು 'ಜುಲ್ಮಾನೆ'. ಪಾರಸಿಯ ಜುರ್ಮಾನಾ ಅದರ ಮೂಲ; ಜುರ್ಮ್ ಎಂದರೆ ಅಪರಾಧ. ಕನ್ನಡಿಗನ ನಾಲಗೆ ಅದರ ರಕಾರವನ್ನು ಲಕಾರ ಮಾಡಿಕೊಂಡಿತು. ಜುಲುಮೆ ಎಂಬ ಮತ್ತೊಂದು ಮಾತು ಆ ವೇಳೆಗೆ ನಮ್ಮಲ್ಲಿ ಬಳಕೆಯಲ್ಲಿತ್ತು, ಅದರ ಅರ್ಥ ದಬ್ಬಾಳಿಕೆ. ಶಾಸ್ತ್ರಜ್ಞರು ಒಪ್ಪಲಿ ಬಿಡಲಿ, ಕಟ್ಟುವವನ ಕಿವಿಗೆ ಜುಲ್ಮಾನೆಯಲ್ಲಿ ಜುಲುಮೆಯ ಸದ್ದೂ ಕೇಳಿಸಿರಬೇಕು ಎಂದು ನನ್ನ ಗುಮಾನಿ. ಇನ್ನು ಹಳ್ಳಿಯವರು ದೇವರಿಗೆ ಸಲ್ಲಿಸುವ ತಪ್ಪುಕಾಣಿಕೆ ಇದೆ; ಅಲ್ಲಿ ಕೋಲಿಲ್ಲ, ಕಚೇರಿಯಿಲ್ಲ, ತಪ್ಪಾಯಿತೆಂಬ ಒಪ್ಪಿಗೆಯಷ್ಟೇ. ಕನ್ನಡದಲ್ಲಿ ಕಾಣುವ ಸೊಗಸೆಂದು ನನಗೆ ತೋರುವುದು ಮತ್ತೊಂದು ಪ್ರಯೋಗ: ನೋಡಲಾರದ ನಾಟಕಕ್ಕೆ ಟಿಕೆಟ್ಟು ಕೊಂಡವನು 'ದುಡ್ಡು ದಂಡ' ಎನ್ನುತ್ತಾನೆ. ವ್ಯರ್ಥವಾಗಿ ಹೋದದ್ದೆಲ್ಲ ನಮಗೆ ದಂಡ. ತೆತ್ತ ಹಣದಿಂದ ಏನಾದರೂ ಮುಗಿಯಿತು, ಬಗೆಹರಿಯಿತು ಎಂಬ ಭಾವ ಈ ಮಾತಿನಲ್ಲಿ ಇಲ್ಲವೇ ಇಲ್ಲ.

ಇಂಗ್ಲೆಂಡಿನ ಫೈನು ಇದಕ್ಕೆ ತೀರ ವಿರುದ್ಧವಾದ ಭರವಸೆಯಿಂದ ಹುಟ್ಟಿತು. ಅದು ಮೊದಲು ಶಿಕ್ಷೆಯೇ ಆಗಿರಲಿಲ್ಲ, ರಾಜಿಯಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಇಬ್ಬರು ಜಮೀನಿಗಾಗಿ ರಾಜನ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಿ ಆಮೇಲೆ ಒಪ್ಪಂದಕ್ಕೆ ಬಂದರೆ, ಆ ಒಪ್ಪಂದದ ಪತ್ರಕ್ಕೆ ಫೈನ್ ಎಂದು ಹೆಸರು. ಇನ್ನು ಮೇಲೆ ಈ ಜಮೀನಿನ ತಂಟೆ ಮುಗಿಯಿತು ಎಂಬುದು ಅದರ ತಾತ್ಪರ್ಯ. ಜಾಣರಾದ ಜನ ಬೇಗನೆ ಇದರಲ್ಲೊಂದು ಅನುಕೂಲ ಕಂಡುಕೊಂಡರು. ನಿಜವಾದ ಜಗಳವಿಲ್ಲದಿದ್ದರೂ, ಜಮೀನು ಕೊಳ್ಳುವವನು ಮಾರುವವನ ಮೇಲೆ ಒಂದು ಹುಸಿ ದಾವೆ ಹೂಡುವುದು, ಇಬ್ಬರೂ ರಾಜಿಯಾಗುವುದು, ಆ ರಾಜಿಯನ್ನೇ ಗಟ್ಟಿಮುಟ್ಟಾದ ಕ್ರಯಪತ್ರವನ್ನಾಗಿ ಮಾಡಿಕೊಳ್ಳುವುದು. ಒಂದೇ ಚರ್ಮದ ಹಾಳೆಯ ಮೇಲೆ ಆ ಒಪ್ಪಂದವನ್ನು ಮೂರು ಸಲ ಬರೆಯುತ್ತಿದ್ದರು, ಎರಡು ಪ್ರತಿ ಮೇಲೆ, ಒಂದು ಪ್ರತಿ ಕೆಳಗೆ ಅಡ್ಡಲಾಗಿ. ಆಮೇಲೆ ಅಂಕುಡೊಂಕಾಗಿ ಕತ್ತರಿಸಿ ಮೇಲಿನ ಎರಡನ್ನು ಆ ಇಬ್ಬರಿಗೆ ಕೊಟ್ಟು, ಕೆಳಗಿನದನ್ನು ರಾಜನ ಬೊಕ್ಕಸದಲ್ಲಿ ಇಡುತ್ತಿದ್ದರು. ಮುಂದೆ ಯಾರಾದರೂ ಕಳ್ಳಪತ್ರ ತಂದರೆ ಅಂಚಿಗೆ ಅಂಚು ಜೋಡಿಸಿ ನೋಡಿದರೆ ಸಾಕು, ಸತ್ಯ ಹೊರಬೀಳುತ್ತಿತ್ತು. ಕೆಳಗಿನ ಆ ತುಂಡಿಗೆ 'ಫೈನಿನ ಪಾದ' ಎಂದು ಹೆಸರು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹ್ಯೂಬರ್ಟ್ ವಾಲ್ಟರ್ 1195ರ ಜುಲೈಯಲ್ಲಿ ಈ ಮೂರನೆಯ ಪ್ರತಿಯ ಪದ್ಧತಿಯನ್ನು ಆರಂಭಿಸಿದ. ಅದು 1833ರ ಒಂದು ಶಾಸನದಿಂದ ರದ್ದಾಗುವವರೆಗೆ, ಆರು ಶತಮಾನಗಳಿಗೂ ಮೀರಿ, ನಡೆದುಕೊಂಡು ಬಂತು. ಆ ಪಾದಗಳು ರಾಶಿರಾಶಿಯಾಗಿ ಇಂದಿಗೂ ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮುಕ್ತಾಯವೆಂಬುದನ್ನು ಇಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದ ನಾಡು ಇನ್ನೊಂದಿರಲಾರದು.

ಈ ಸಭ್ಯವಾದ ರಾಜಿಯ ಪದ ರಾಜನ ಕೈಗೆ ಸಿಕ್ಕಿ ಹೇಗೆ ಬೆಳೆಯಿತೆಂಬುದನ್ನು ನೋಡಬೇಕಾದರೆ ಜಾನ್ ದೊರೆಯ ಕಾಲಕ್ಕೆ ಬರಬೇಕು. ಅವನು 1199ರಲ್ಲಿ ಪಟ್ಟಕ್ಕೆ ಬಂದ. ಅವನ ಆಳ್ವಿಕೆಯಿಂದ ಫೈನಿನ ಸುರುಳಿಗಳು ಉಳಿದುಬಂದಿವೆ. ಸುರುಳಿ ಎಂದೆ, ಏಕೆಂದರೆ ಚರ್ಮದ ಹಾಳೆಗಳನ್ನು ಒಂದಕ್ಕೊಂದು ಹೊಲಿದು ಸುತ್ತಿಡುತ್ತಿದ್ದರು. ರಾಜನಿಂದ ಯಾವುದೇ ಅನುಗ್ರಹ ಬೇಕಾದವರು ಇಂತಿಷ್ಟು ಕೊಡುತ್ತೇನೆಂದು ಒಪ್ಪಿಕೊಂಡ ಮಾತುಗಳೇ ಅವುಗಳ ತುಂಬ. ತಂದೆಯ ಆಸ್ತಿಗೆ ಹಕ್ಕು ಬೇಕು, ಇಷ್ಟು ಫೈನು. ವಿಧವೆ ತನಗೆ ಬೇಡವಾದ ಮದುವೆಯಿಂದ ತಪ್ಪಿಸಿಕೊಳ್ಳಬೇಕು, ಇಷ್ಟು ಫೈನು. ರಾಜನ ಸಿಟ್ಟು ಇಳಿಯಬೇಕು, ಅದಕ್ಕೂ ಇಷ್ಟು. ಇವುಗಳ ನಡುವೆ ಇತಿಹಾಸಕಾರರನ್ನು ಇಂದಿಗೂ ಕಾಡುವ ಒಂದು ದಾಖಲೆಯಿದೆ. 1204ರ ಕ್ರಿಸ್ಮಸ್ಸಿನ ವೇಳೆಯದು. ರಾಜನ ಅರಣ್ಯಾಧಿಕಾರಿ ಹ್ಯೂ ಡಿ ನೆವಿಲ್ ಎಂಬವನ ಹೆಂಡತಿ ತನ್ನ ಗಂಡನೊಡನೆ ಒಂದು ರಾತ್ರಿ ಕಳೆಯಲು ಅಪ್ಪಣೆ ಬೇಡಿ ರಾಜನಿಗೆ ಇನ್ನೂರು ಕೋಳಿಗಳನ್ನು ಕೊಡುವುದಾಗಿ ಒಪ್ಪಿದಳು. ಆಸ್ಥಾನದ ವಿನೋದವೋ ವಿನೋದದ ಹೆಸರಿನಲ್ಲಿ ಅವಮಾನವೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನಗೆ ಆ ಹೆಣ್ಣಿನ ಮುಖ ಕಣ್ಣಿಗೆ ಕಟ್ಟುತ್ತದೆ, ನಗು ಬರುವುದಿಲ್ಲ.

ನಗಲಾಗದ ಸಂಗತಿಗಳು ಇನ್ನೂ ಇವೆ. ವಿಲಿಯಂ ಡಿ ಬ್ರಿಯೂಸ್ ಎಂಬ ದೊಡ್ಡ ಜಹಗೀರುದಾರ ಐರ್ಲೆಂಡಿನ ಲಿಮರಿಕ್ ಪ್ರಾಂತಕ್ಕಾಗಿ ಐದು ಸಾವಿರ ಮಾರ್ಕು ಫೈನು ಒಪ್ಪಿಕೊಂಡ. ಒಂದು ಮಾರ್ಕೆಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಸಾಲ ತೀರಲಿಲ್ಲ, ತೀರಲೆಂದು ರಾಜನೂ ಬಯಸಿರಲಿಲ್ಲವೇನೋ. ಬಾಕಿ ಇರುವವರೆಗೆ ಪ್ರಜೆ ಹಿಡಿತದಲ್ಲಿರುತ್ತಾನೆ; ಬೇಡವಾದ ದಿನ ಪೂರ್ತಿ ಬಾಕಿ ಕೇಳಿದರಾಯಿತು. ಹಾಗೆಯೇ ಆಯಿತು. ರಾಜನ ಕೃಪೆ ತಪ್ಪಿ ವಿಲಿಯಂ ಓಡಿಹೋಗಿ 1211ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ. ಅದಕ್ಕೆ ಮುಂಚಿನ ವರ್ಷವೇ ಅವನ ಹೆಂಡತಿಯೂ ಹಿರಿಯ ಮಗನೂ ಜಾನನ ಸೆರೆಯಲ್ಲಿ ಅನ್ನವಿಲ್ಲದೆ ಸತ್ತರೆಂದು ಆ ಕಾಲದ ಚರಿತ್ರಕಾರರು ಬರೆದಿಟ್ಟಿದ್ದಾರೆ. 1214ರಲ್ಲಿ ಜೆಫ್ರಿ ಡಿ ಮ್ಯಾಂಡೆವಿಲ್ ಎಂಬವನ ಮೇಲೆ, ರಾಜನೇ ತೊರೆದಿದ್ದ ಹೆಂಡತಿಯನ್ನು ಮದುವೆಯಾಗುವುದಕ್ಕಾಗಿ, ಇಪ್ಪತ್ತು ಸಾವಿರ ಮಾರ್ಕಿನ ಫೈನು ಬಿತ್ತು. ಮರುವರ್ಷ ರಾಜನ ವಿರುದ್ಧ ಕತ್ತಿ ಹಿರಿದ ಸರದಾರರಲ್ಲಿ ಅವನೂ ಒಬ್ಬನಾದುದರಲ್ಲಿ ಆಶ್ಚರ್ಯವೇನಿದೆ? ಮುಕ್ತಾಯವೆಂದು ಹೆಸರಿಟ್ಟುಕೊಂಡ ಹಣ ಮುಗಿಯದ ಋಣವಾಗಿ ಮಾರ್ಪಟ್ಟಿತ್ತು.

1215ರ ಮ್ಯಾಗ್ನ ಕಾರ್ಟವನ್ನು ನಾವು ಶಾಲೆಯಲ್ಲಿ ಸ್ವಾತಂತ್ರ್ಯದ ಸನ್ನದು ಎಂದು ಓದುತ್ತೇವೆ. ಅದನ್ನು ಬಿಡಿಸಿ ನೋಡಿದರೆ ಹೆಜ್ಜೆಹೆಜ್ಜೆಗೂ ಹಣದ ಮಾತು. ಅನ್ಯಾಯವಾಗಿ ಹೇರಿದ ಫೈನುಗಳನ್ನೆಲ್ಲ ಮನ್ನಾ ಮಾಡಬೇಕೆಂದು ಒಂದು ಕಲಮು. ನ್ಯಾಯವನ್ನು ಯಾರಿಗೂ ಮಾರಕೂಡದೆಂದು ಇನ್ನೊಂದು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಇಪ್ಪತ್ತನೆಯದು. ಫೈನಿನ ಜೊತೆಗೆ ಆಗ ಇನ್ನೊಂದು ಬಗೆಯ ದಂಡವಿತ್ತು. ಸಣ್ಣಪುಟ್ಟ ತಪ್ಪು ಮಾಡಿದವನು ರಾಜನ 'ದಯೆಗೆ ಒಳಗಾದವನು' ಎನ್ನಿಸಿಕೊಳ್ಳುತ್ತಿದ್ದ. ದಯೆ ಎಂಬ ಆ ಸುಂದರ ಶಬ್ದದ ಅರ್ಥ ಅವನ ಸೊತ್ತೆಲ್ಲ ಈಗ ರಾಜನ ಮರ್ಜಿಯಲ್ಲಿದೆ ಎಂದು. ಇಂಥ ದಂಡವು ತಪ್ಪಿನ ತೂಕಕ್ಕೆ ತಕ್ಕಂತಿರಬೇಕು, ನೆರೆಹೊರೆಯ ಪ್ರಾಮಾಣಿಕರು ಪ್ರಮಾಣ ಮಾಡಿ ಅದನ್ನು ಗೊತ್ತುಮಾಡಬೇಕು ಎಂದು ಆ ಕಲಮು ವಿಧಿಸುತ್ತದೆ. ಅಷ್ಟೇ ಅಲ್ಲ, ವರ್ತಕನಿಂದ ವಸೂಲು ಮಾಡುವಾಗ ಅವನ ಸರಕನ್ನು ಮುಟ್ಟಕೂಡದು. ರೈತನಿಂದ ವಸೂಲು ಮಾಡುವಾಗ ಅವನ ಬೇಸಾಯದ ಸಾಧನವನ್ನು ಮುಟ್ಟಕೂಡದು. ದಂಡ ತೆತ್ತ ಮರುದಿನವೂ ಅವನು ನೇಗಿಲು ಕಟ್ಟುವಂತಿರಬೇಕು. ಎಂಟುನೂರು ವರ್ಷಗಳ ಹಿಂದೆ, ಅದೂ ತಮ್ಮ ಸ್ವಾರ್ಥಕ್ಕಾಗಿ ಬಂಡೆದ್ದ ಸರದಾರರ ಪತ್ರದಲ್ಲಿ, ಜೀತದ ರೈತನ ಎತ್ತುನೇಗಿಲಿನ ಚಿಂತೆ ಬಂದು ಕೂತದ್ದು ಹೇಗೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ರೈತ ಹಾಳಾದರೆ ಸರದಾರನ ಆದಾಯವೂ ಹಾಳು ಎಂಬ ಲೆಕ್ಕ ಇದ್ದೀತು. ಲೆಕ್ಕದಿಂದ ಬಂದ ಕರುಣೆಯಾದರೂ ನೇಗಿಲು ಉಳಿಯಿತಲ್ಲ.

ಹಾಗಾದರೆ ರಾಜಿಯ ಮಾತು ಶಿಕ್ಷೆಯ ಮಾತಾದದ್ದು ಯಾವಾಗ? ಇದಕ್ಕೆ ಉತ್ತರ ಕೊಟ್ಟವರು ಕಾನೂನಿನ ಚರಿತ್ರೆಯನ್ನು ಕಾದಂಬರಿಯಷ್ಟು ರುಚಿಯಾಗಿ ಬರೆದ ಮೇಟ್ಲೆಂಡ್. ಪೊಲಾಕರೊಡನೆ ಸೇರಿ ಅವರು 1895ರಲ್ಲಿ ಪ್ರಕಟಿಸಿದ ಇಂಗ್ಲಿಷ್ ನ್ಯಾಯಪದ್ಧತಿಯ ಇತಿಹಾಸದಲ್ಲಿ ಈ ವಿಷಯ ಬರುತ್ತದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಅಂದಿನ ನ್ಯಾಯಾಧೀಶ ಫೈನು ವಿಧಿಸುತ್ತಿರಲಿಲ್ಲ. ಅವನು ವಿಧಿಸುತ್ತಿದ್ದದ್ದು ಸೆರೆವಾಸ. ಸೆರೆಯಲ್ಲಿ ಕೂತವನು ರಾಜನೊಡನೆ ಚೌಕಾಸಿ ಮಾಡಿ, ಇಷ್ಟು ಕೊಡುತ್ತೇನೆ, ಇದನ್ನು ಇಲ್ಲಿಗೆ ಮುಗಿಸಿ ಎನ್ನುತ್ತಿದ್ದ. 'ಕೊನೆ ಮಾಡಿಕೊಳ್ಳುವುದು' ಎಂಬುದೇ ಅದಕ್ಕೆ ಲ್ಯಾಟಿನ್ನಿನ ನುಡಿಗಟ್ಟು. ಮಾತು ಒಪ್ಪಂದದ್ದೇ, ಆದರೆ ಒಪ್ಪಂದಕ್ಕೆ ಬಂದ ಇಬ್ಬರಲ್ಲಿ ಒಬ್ಬ ಸಿಂಹಾಸನದ ಮೇಲೆ, ಇನ್ನೊಬ್ಬ ಬೀಗದ ಒಳಗೆ. ಕಾಲ ಕಳೆದಂತೆ ಚೌಕಾಸಿ ಹೋಗಿ ಮೊತ್ತವನ್ನು ನ್ಯಾಯಾಧೀಶನೇ ಹೇಳತೊಡಗಿದ. ಪದ ಮಾತ್ರ ಹಳೆಯದೇ ಉಳಿಯಿತು.

ಒಬ್ಬನ ತಪ್ಪಿಗೆ ಒಬ್ಬನೇ ತೆರಬೇಕೆಂದೂ ಇರಲಿಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಅವರ ಪೈಕಿ ಯಾರಾದರೂ ಕೊಲೆಯಾಗಿ ಕೊಂದವನು ಸಿಗದಿದ್ದರೆ, ಹೆಣ ಬಿದ್ದಿದ್ದ ಸೀಮೆಯ ಜನರೆಲ್ಲ ಸೇರಿ ದಂಡ ತೆರಬೇಕಾಗಿತ್ತು. ಸತ್ತವನು ಇಂಗ್ಲಿಷನೆಂದು ಸಾಬೀತು ಮಾಡಿದರೆ ಮಾತ್ರ ಬಿಡುಗಡೆ. ಸೋತವರ ಮೇಲೆ ಗೆದ್ದವರು ಹೊರಿಸಿದ ಈ ದಂಡ 1340ರವರೆಗೆ ಉಳಿದಿತ್ತು. ಇಷ್ಟನ್ನು ಅನುಭವಿಸಿದ ಇಂಗ್ಲಿಷರ ವಂಶಜರು 1942ರಲ್ಲಿ, ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ, ನಮ್ಮಲ್ಲಿ ತಂತಿ ಕಡಿದವರು ಸಿಗದಾಗ, ಹಳಿ ಕಿತ್ತವರು ಸಿಗದಾಗ ಊರಿಗೆ ಊರೇ ತೆರಬೇಕೆಂದು ಸಾಮೂಹಿಕ ದಂಡದ ಸುಗ್ರೀವಾಜ್ಞೆ ಹೊರಡಿಸಿದರು. ನಮ್ಮ ಜನ ಅದನ್ನು ಪುಂಡುಗಂದಾಯ ಎಂದು ಕರೆದರು. ಯಾವ ಇಂಗ್ಲಿಷ್ ಪದವೂ ಅದರ ಮುಂದೆ ನಿಲ್ಲಲಾರದು. ಪುಂಡರು ಯಾರು ಎಂಬುದನ್ನು ಆ ಪದ ಹೇಳದೆ ಬಿಟ್ಟಿದೆ.

ಹದಿನೇಳನೆಯ ಶತಮಾನದ ಇಂಗ್ಲೆಂಡು ಫೈನಿನ ಕರಾಳ ಮುಖವನ್ನು ಮತ್ತೊಮ್ಮೆ ಕಂಡಿತು. ನಾಟಕಗಳನ್ನು ಖಂಡಿಸಿ ಪುಸ್ತಕ ಬರೆದ ವಿಲಿಯಂ ಪ್ರಿನ್ ಅದರಲ್ಲಿ ರಾಣಿಯನ್ನು ಹಳಿದನೆಂದು ಸ್ಟಾರ್ ಚೇಂಬರ್ ನ್ಯಾಯಾಲಯ 1634ರಲ್ಲಿ ಅವನಿಗೆ ಐದು ಸಾವಿರ ಪೌಂಡು ಫೈನು ಹಾಕಿ ಕಿವಿಗಳನ್ನೂ ಕತ್ತರಿಸಿತು. ಪುಸ್ತಕದ ವಿಷಯದಲ್ಲಿ ನನಗೆ ಪ್ರಿನ್ನನ ಬಗ್ಗೆ ಸಹಾನುಭೂತಿಯಿಲ್ಲ, ಕಿವಿಗಳ ವಿಷಯದಲ್ಲಿ ಇದೆ. 1684ರಲ್ಲಿ ಜಾನ್ ಹ್ಯಾಂಪ್ಡನ್ ಎಂಬ ರಾಜವಿರೋಧಿ ಪಕ್ಷದವನಿಗೆ ಬಿದ್ದದ್ದು ನಲವತ್ತು ಸಾವಿರ ಪೌಂಡು. ತೆರಲಾರದಷ್ಟು ಮೊತ್ತ ಹೇಳಿ, ತೆರುವವರೆಗೆ ಒಳಗಿಡುವುದೆಂದರೆ ಅದು ಆಜೀವ ಸೆರೆಯ ಇನ್ನೊಂದು ಹೆಸರು. ಆದ್ದರಿಂದಲೇ ರಾಜನನ್ನು ಓಡಿಸಿದ ಮೇಲೆ 1689ರ ಹಕ್ಕುಗಳ ಮಸೂದೆಯಲ್ಲಿ ಅತಿಯಾದ ಫೈನನ್ನು ವಿಧಿಸಕೂಡದೆಂದು ಬರೆಸಿದರು. ಅದೇ ಮಾತು 1791ರಲ್ಲಿ ಅಮೆರಿಕದ ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ಸೇರಿತು. ಅಲ್ಲಿನ ಸುಪ್ರೀಂ ಕೋರ್ಟು 2019ರಲ್ಲೂ ಆ ಮಾತನ್ನು ವಿಸ್ತರಿಸಿ, ಅದು ಕೇಂದ್ರಕ್ಕಷ್ಟೇ ಅಲ್ಲ, ಪ್ರತಿ ರಾಜ್ಯಕ್ಕೂ ಅನ್ವಯಿಸುತ್ತದೆಂದು ತೀರ್ಪು ಕೊಟ್ಟಿತು. ತೀರ್ಪು ಬರೆದ ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ಮ್ಯಾಗ್ನ ಕಾರ್ಟದವರೆಗೂ ಹಿಂದಕ್ಕೆ ಹೋಗಿ ಅದರ ವಂಶಾವಳಿಯನ್ನು ಹೇಳಿದ್ದಾರೆ.

ಆ ವಂಶದ ಇನ್ನೊಂದು ಕವಲು ನಮ್ಮಲ್ಲಿಗೂ ಬಂತು. ಮೆಕಾಲೆಯ ಅಧ್ಯಕ್ಷತೆಯ ಆಯೋಗ 1837ರಲ್ಲಿ ಸಿದ್ಧಪಡಿಸಿದ ಕರಡಿನಿಂದ ರೂಪುಗೊಂಡು 1860ರಲ್ಲಿ ಭಾರತೀಯ ದಂಡಸಂಹಿತೆ ಶಾಸನವಾಯಿತು. ಮೊತ್ತ ಹೇಳದ ಕಡೆ ಫೈನಿಗೆ ಮಿತಿಯಿಲ್ಲ, ಆದರೆ ಅದು ಅತಿಯಾಗಕೂಡದು ಎಂದು ಅದರ ಅರವತ್ತಮೂರನೆಯ ಕಲಮು ಹೇಳಿತು. ಮಿತಿಯಿಲ್ಲ, ಆದರೆ ಅತಿಯಾಗಕೂಡದು! ಮೊದಲ ನೋಟಕ್ಕೆ ಇದು ಒಗಟಿನಂತೆ ಕಾಣುತ್ತದೆ. ಒಬ್ಬನನ್ನು ಬೀದಿಪಾಲು ಮಾಡುವ ಮೊತ್ತ ಇನ್ನೊಬ್ಬನಿಗೆ ಚುರುಕೂ ಮುಟ್ಟಿಸದು. ಆದ್ದರಿಂದ ಎಲ್ಲರಿಗೂ ಒಂದೇ ಗೆರೆ ಎಳೆಯುವುದರಲ್ಲಿ ಅರ್ಥವಿಲ್ಲ ಎಂಬುದು ಆಯೋಗದ ವಾದ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಸರಿನಿಂದ ದಂಡ ಹೋಗಿ ನ್ಯಾಯ ಬಂತು. ಎಂಟನೆಯ ಕಲಮಿನಲ್ಲಿ ಮಾತ್ರ ಆ ಹಳೆಯ ವಾಕ್ಯ ಹಾಗೆಯೇ ಕುಳಿತಿದೆ.

ನಮ್ಮ ಕಾಲದಲ್ಲಿ ಫೈನು ಇನ್ನೊಂದು ತಿರುವು ಪಡೆದಿದೆ, ಅದು ದರವಾಗತೊಡಗಿದೆ. ಇಸ್ರೇಲಿನ ಹೈಫಾ ನಗರದ ಕೆಲವು ಶಿಶುವಿಹಾರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಯರಿಗೆ ಪ್ರಯೋಗಾರ್ಥವಾಗಿ ಫೈನು ಹಾಕಿದರು. ತಡವಾಗಿ ಬರುವವರ ಸಂಖ್ಯೆ ಇಳಿಯುವ ಬದಲು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಮೊದಲು ಮೇಡಮ್ಮನವರು ಕಾಯುತ್ತಿರುತ್ತಾರಲ್ಲ ಎಂಬ ಸಂಕೋಚವಿತ್ತು. ಈಗ ಕಾಯುವುದಕ್ಕೆ ಬೆಲೆ ಕಟ್ಟಿಯಾಯಿತು, ಕೊಟ್ಟರಾಯಿತು. ಫೈನನ್ನು ತೆಗೆದುಹಾಕಿದ ಮೇಲೂ ಹಳೆಯ ಸಂಕೋಚ ಹಿಂದಿರುಗಲಿಲ್ಲವೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದರು. ನಮ್ಮಲ್ಲಿ 2023ರ ಫೆಬ್ರವರಿಯಲ್ಲಿ ಸಂಚಾರ ನಿಯಮ ಉಲ್ಲಂಘನೆಯ ಬಾಕಿ ಫೈನಿಗೆ ಅರ್ಧದಷ್ಟು ರಿಯಾಯಿತಿ ಎಂದು ರಾಜ್ಯ ಸರ್ಕಾರ ಸಾರಿದಾಗ, ಸೀರೆ ಅಂಗಡಿಯ ಆಷಾಢದ ಮಾರಾಟಕ್ಕೆ ಮುಗಿಬೀಳುವಂತೆ ಜನ ಮುಗಿಬಿದ್ದು ಬೆಂಗಳೂರೊಂದರಲ್ಲೇ ನೂರು ಕೋಟಿ ರೂಪಾಯಿಗೂ ಹೆಚ್ಚು ಕಟ್ಟಿದರು. ಜಾನ್ ದೊರೆ ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದ.

ಸಂಬಳಕ್ಕೆ ತಕ್ಕ ಫೈನು ಎಂಬ ವ್ಯವಸ್ಥೆ ಫಿನ್ಲೆಂಡಿನಲ್ಲಿ 1921ರಿಂದ ಇದೆ. ಅಲ್ಲಿ ಮೊತ್ತ ಹೇಳುವುದಿಲ್ಲ, ಇಷ್ಟು ದಿನಗಳ ಗಳಿಕೆ ಎನ್ನುತ್ತಾರೆ. ಕಾರಿನ ವೇಗ ಮೀರಿದ ಕೋಟ್ಯಧೀಶ್ವರನಿಗೆ ಲಕ್ಷಗಟ್ಟಲೆ ಬೀಳುವುದುಂಟು. ಇಂಗ್ಲೆಂಡು 1992ರಲ್ಲಿ ಇದರ ಅನುಕರಣೆಗೆ ತೊಡಗಿತು. ಆದಾಯದ ಅರ್ಜಿ ತುಂಬದ ಒಬ್ಬಾತನಿಗೆ ಆಲೂಗಡ್ಡೆ ಚಿಪ್ಸಿನ ಖಾಲಿ ಪೊಟ್ಟಣ ಬೀದಿಗೆಸೆದದ್ದಕ್ಕೆ 1,200 ಪೌಂಡು ಬಿದ್ದು, ಪತ್ರಿಕೆಗಳೆಲ್ಲ ಬೊಬ್ಬೆಯಿಟ್ಟು, ಮರುವರ್ಷವೇ ಆ ವ್ಯವಸ್ಥೆ ಬಿದ್ದುಹೋಯಿತು. ಒಂದು ಪೊಟ್ಟಣದಿಂದ ಒಂದು ಒಳ್ಳೆಯ ವಿಚಾರ ಸತ್ತಿತೆಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಹೇಳಿದರೂ ಈ ಪದದ ನಿಜವಾದ ಪರೀಕ್ಷೆ ನಡೆಯುವುದು ಕಟ್ಟಲು ಹಣವಿಲ್ಲದವನ ಮುಂದೆ. ಕಟ್ಟದಿದ್ದರೆ ಸೆರೆ. ಹಣ ಸಂದ ಕೂಡಲೇ ಆ ಸೆರೆ ಮುಗಿಯುತ್ತದೆ, ಒಂದು ಪಾಲು ಸಂದರೆ ದಿನಗಳೂ ಆ ಪ್ರಮಾಣದಲ್ಲಿ ಇಳಿಯುತ್ತವೆ ಎಂದು 1860ರ ಸಂಹಿತೆಯೂ ಹೇಳಿತು, ಇಂದಿನದೂ ಹೇಳುತ್ತದೆ. ಮೇಟ್ಲೆಂಡ್ ವರ್ಣಿಸಿದ ಹಳೆಯ ಚಿತ್ರವೇ ಇಲ್ಲಿ ಮತ್ತೆ ಮೂಡಿದಂತಿದೆ: ಒಳಗೆ ಕೂತವನು, ಹಣ, ಬಾಗಿಲು. ಹಳೆಯ ಸಂಹಿತೆಯಲ್ಲಿ ಬರೀ ಫೈನಿನಿಂದ ಶಿಕ್ಷಿಸಬಹುದಾದ ಅಪರಾಧಕ್ಕೆ ಐವತ್ತು ರೂಪಾಯಿಯವರೆಗೆ ಎರಡು ತಿಂಗಳು, ನೂರರವರೆಗೆ ನಾಲ್ಕು ತಿಂಗಳು, ಅದಕ್ಕೂ ಮೀರಿದರೆ ಆರು ತಿಂಗಳು ಎಂದು ಗರಿಷ್ಠ ಮಿತಿಯಿತ್ತು. ಐವತ್ತು ರೂಪಾಯಿಗೆ ಮನುಷ್ಯನ ಎರಡು ತಿಂಗಳು! ರೂಪಾಯಿಯ ಬೆಲೆ ಎಷ್ಟು ಕುಸಿದರೂ ಈ ಲೆಕ್ಕ ನೂರ ಅರವತ್ತು ವರ್ಷ ಕದಲಲಿಲ್ಲ. ಹೊಸ ಸಂಹಿತೆಯಲ್ಲಿ ಎರಡು ತಿಂಗಳ ಮಿತಿ ಐದು ಸಾವಿರ ರೂಪಾಯಿಗೆ ಏರಿದೆ, ನಾಲ್ಕು ತಿಂಗಳದ್ದು ಹತ್ತು ಸಾವಿರಕ್ಕೆ. ಅದಕ್ಕಿಂತ ಹೆಚ್ಚಾದರೆ ಆರು ತಿಂಗಳ ಜಾಗದಲ್ಲಿ ಒಂದು ವರ್ಷ.

ಇಂಗ್ಲೆಂಡಿನಲ್ಲಿ 1908–09ರ ಒಂದೇ ವರ್ಷದಲ್ಲಿ ಬಾಕಿ ಕಟ್ಟಲಾರದೆ ಜೈಲಿಗೆ ಹೋದವರು ತೊಂಬತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ಕುಡಿದು ಬೀದಿಯಲ್ಲಿ ಬಿದ್ದವರೂ ಅಂಥದೇ ಚಿಲ್ಲರೆ ತಪ್ಪಿನವರೂ. ಗೃಹಮಂತ್ರಿಯಾಗಿದ್ದ ಚರ್ಚಿಲ್ 1910ರಲ್ಲಿ ಈ ಅಂಕಿ ನೋಡಿ ವ್ಯಗ್ರರಾದರು. ಆ ಚಿಂತನೆಯ ಫಲವಾಗಿ 1914ರಲ್ಲಿ ಬಂದ ಶಾಸನ ಮಾಡಿದ್ದು ಬಹು ಸರಳವಾದ ಕೆಲಸ: ಫೈನು ಕಟ್ಟಲು ಕಡಿಮೆಯೆಂದರೆ ಏಳು ದಿನ ಅವಕಾಶ ಕೊಡಬೇಕೆಂದಿತು. ಹತ್ತು ವರ್ಷ ಕಳೆಯುವುದರೊಳಗೆ ಆ ತೊಂಬತ್ತು ಸಾವಿರ ಕೆಲವೇ ಸಾವಿರಕ್ಕೆ ಇಳಿಯಿತು. ಯುದ್ಧದ ಕಾಲದಲ್ಲಿ ಕೆಲಸ ಹೆಚ್ಚಿ ಕುಡಿತ ಕಡಿಮೆಯಾದದ್ದೂ ಇದಕ್ಕೆ ಒಂದು ಕಾರಣವೆನ್ನಿ. ಆದರೂ ಅಷ್ಟೊಂದು ಜನ ಅಲ್ಲಿಯವರೆಗೆ ಒಳಗಿದ್ದದ್ದು ದುಷ್ಟರಾದುದರಿಂದಲ್ಲ, ಅವರ ವಾರದ ಬಟವಾಡೆ ಇನ್ನೂ ಕೈಗೆ ಬಂದಿರಲಿಲ್ಲವಾದುದರಿಂದ.

ನಮ್ಮಲ್ಲಿ ಶಿಕ್ಷೆಯ ಅವಧಿ ಮುಗಿಸಿಯೂ, ಜೊತೆಗೆ ವಿಧಿಸಿದ ಫೈನು ಕಟ್ಟಲಾಗದೆ ಒಳಗೇ ಉಳಿಯುವವರ ಪಾಡು ಬಹುಕಾಲ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಗಾಂಧೀಯುಗದ ಸತ್ಯಾಗ್ರಹಿಗಳು ಫೈನು ಕಟ್ಟೆವೆಂದು ಪಣತೊಟ್ಟು ಜೈಲಿಗೆ ಹೋದ ಕಥೆಗಳನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರು ಕಟ್ಟಬಲ್ಲವರಾಗಿದ್ದು ಕಟ್ಟದವರು. ಕಟ್ಟಲಾರದೆ ಕೂತವರ ಕಥೆಯನ್ನು ಬರೆದವರು ಕಡಿಮೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಇಂಥ ಬಡ ಕೈದಿಗಳಿಗೆ ನೆರವು ಕೊಡುವ ಯೋಜನೆಯೊಂದನ್ನು ಘೋಷಿಸಿದರು. ಅದರ ನಿಯಮದಂತೆ ಜಿಲ್ಲೆಗೊಂದು ಸಮಿತಿ ವಿಚಾರಿಸಿ, ಕೈದಿಗೆ ಗತಿಯಿಲ್ಲವೆಂದು ಕಂಡುಬಂದರೆ, 25,000 ರೂಪಾಯಿಯವರೆಗಿನ ಫೈನನ್ನು ಸರ್ಕಾರದ ನಿಧಿಯಿಂದ ನ್ಯಾಯಾಲಯಕ್ಕೆ ಸಲ್ಲಿಸಬಹುದು. ಸರ್ಕಾರದ ಒಂದು ಕೈ ಇನ್ನೊಂದು ಕೈಗೆ ಎಣಿಸಿಕೊಡುವ ಹಣ ಅದು. ಹಣ ಸಂದಾಯವಾಯಿತೆಂಬ ರಸೀದಿ ಜೈಲಿಗೆ ಮುಟ್ಟಿದ ದಿನ, ಆ ಕೈದಿಯನ್ನು ಹೊರಗೆ ಬಿಡುತ್ತಾರೆ.